ಗೋಡೆಯಲ್ಲಿ ಬಿಟ್ಟ ಜಾಗ

ಗೋಡೆಯಲ್ಲಿ ಒಂದು ಕಡೆ ಕಲ್ಲೇ ಇಲ್ಲವೆಂಬುದನ್ನು ಮೊದಲು ಕಂಡವನು ಅಚಿಂತ್ಯ. ಲಂಡನ್ನಿನ ಹ್ಯಾರೋದಲ್ಲಿ ಸುವರ್ಣಾಳ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಅವನು ಫೋಟೋಗಳನ್ನು ಒಂದರ ಪಕ್ಕಕ್ಕೊಂದು ಕೂಡಿಸುತ್ತಿದ್ದ. ಸುವರ್ಣಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

"ಅತ್ತಿಗೆ, ಇಲ್ಲೊಂದು ಸಲ ಬನ್ನಿ. ಇದಕ್ಕೂ ಇದಕ್ಕೂ ಹೊಂದ್ತಾನೇ ಇಲ್ಲ. ಮಧ್ಯ ಒಂದು ಫೋಟೋ ಮಿಸ್ ಆಗಿದೆ."

"ಹುಡುಕು. ಎಲ್ಲ್ಯರ ಇರ್ತದ."

"ಹುಡುಕಿದೆ. ನಂಬರ್ ನೋಡಿ, ಒಂದೂ ತಪ್ಪಿಲ್ಲ. ಡಿಲೀಟ್ ಆಗಿದ್ರೆ ನಂಬರ್ ಹಾರಿರೋದು. ವಿನಾಯಕಣ್ಣ ತೆಗೆದೇ ಇಲ್ಲ."

ಸುವರ್ಣಾ ಬಂದು ನೋಡಿದಳು. ಕರಿಗಲ್ಲುಗಳ ಸಾಲು ಎಡದಿಂದ ಬಂದು ಕತ್ತರಿಸಿದಂತೆ ನಿಂತಿತ್ತು. ಒಂದು ಬಾಗಿಲಿನಷ್ಟು ಅಗಲದ ಬಿಳಿ. ಆಮೇಲೆ ಮತ್ತೆ ಕಲ್ಲು.

ವಿನಾಯಕ ಅವಳ ಗಂಡ, ಅಚಿಂತ್ಯ ಅವನ ಕಿರಿಯ ಗೆಳೆಯ. ವಿನಾಯಕ ವಾರದ ದಿನಗಳಲ್ಲಿ ಒಂದು ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ, ರಜೆ ಸಿಕ್ಕಾಗ ಕಲ್ಲುಗಳ ಫೋಟೋ ತೆಗೆಯುತ್ತಿದ್ದ. ಗೆಳೆಯರ ಮನೆಯ ಹುಟ್ಟುಹಬ್ಬಕ್ಕೆ ಕ್ಯಾಮೆರಾ ತಾರೋ ಎಂದರೆ, "ಮನುಷ್ಯಾರು ಭಾಳ ಅಳ್ಳಾಡ್ತಾರಪಾ" ಎಂದು ನಕ್ಕು ತಪ್ಪಿಸಿಕೊಳ್ಳುತ್ತಿದ್ದ. ಹವಾಯಿ ದ್ವೀಪಗಳಲ್ಲಿ ಹೆಯಾವ್ ಎಂಬ ಹಳೆಯ ದೇವಸ್ಥಾನಗಳಿವೆ ಎಂದು ಎಲ್ಲೋ ಓದಿದ್ದೇ ತಡ, ಅವನ ರಜೆಯೆಲ್ಲ ಅವುಗಳಿಗೇ ಹೋಯಿತು. ಅವಕ್ಕೆ ಗೋಪುರವಿಲ್ಲ, ಸೂರಿಲ್ಲ. ಜ್ವಾಲಾಮುಖಿಯ ಕಲ್ಲನ್ನು ಗಾರೆ ಸುಣ್ಣ ಏನೂ ಇಲ್ಲದೆ ಒಂದರ ಮೇಲೊಂದು ಕೂರಿಸಿ ಕಟ್ಟಿದ ಗೋಡೆ, ಜಗಲಿ, ಮೇಲೆ ಬರೀ ಆಕಾಶ. ಅವನು ಮನಸೋತದ್ದು ಸಮುದ್ರದಂಚಿನ ಒಂದು ಹೆಯಾವ್‌ಗೆ. ಒಂದೇ ಮನೆತನದವರು ಅದನ್ನು ತಲೆತಲಾಂತರದಿಂದ ಕಾಯುತ್ತ ಬಂದಿದ್ದರು. ಆ ಮನೆಯ ಹಿರಿಯರು ಆಂಟಿ ನೋಹೆಯಾ. ಅಲ್ಲಿಯೂ ದೊಡ್ಡವರನ್ನು ಆಂಟಿ ಎಂದೇ ಕರೆಯುವುದಂತೆ.

ಮೊದಲ ಸಲ ಹೋದಾಗ ಅವರು ಕಾಫಿ ಕೊಟ್ಟು ಕಳಿಸಿದರು. ಮುಂದಿನ ವರ್ಷ ಹೋದಾಗ ಹಿತ್ತಲಿನ ಕಳೆ ಕೀಳಿಸಿದರು. ಅದರಾಚೆಯ ವರ್ಷ, ಹೋದ ಅಕ್ಟೋಬರಿನಲ್ಲಿ, ಒಪ್ಪಿಕೊಂಡರು. ಆದರೆ ಮಾತು ತೆಗೆದುಕೊಂಡೇ ಒಪ್ಪಿದರು. ಗೋಡೆಯ ಮೇಲೆ ಕಾಲಿಡಬಾರದು, ಒಳಗೆ ಹೋಗಬಾರದು, ಮೇಲಿನಿಂದ ಡ್ರೋನ್ ಹಾರಿಸಬಾರದು. ಪುಸ್ತಕಕ್ಕೆ ಹಾಕಬಾರದು, ಫೋನಿನಲ್ಲಿ ಹಂಚಬಾರದು. ತೋರಿಸುವುದಾದರೆ ಕಲ್ಲನ್ನು ಕಲ್ಲಿನಷ್ಟೇ ದೊಡ್ಡದಾಗಿ ತೋರಿಸಬೇಕು. ನೋಡುವವರು ಅವನು ನಿಂತಷ್ಟೇ ದೂರದಲ್ಲಿ ನಿಲ್ಲಬೇಕು. ತುಂಡು ಮಾಡಿ ತೋರಿಸಬಾರದು. ಗೋಡೆ ಎಂದರೆ ಇಡೀ ಗೋಡೆ.

ವಿನಾಯಕ ಮಾತು ಕೊಟ್ಟ. ಬಿಸಿಲು ಬೀಳುವ ಮುಂಚಿನ ನೆರಳಿಲ್ಲದ ಬೆಳಕಿನಲ್ಲಿ, ಗೋಡೆಯಿಂದ ಒಂದೇ ಅಂತರ ಬಿಟ್ಟು, ಕ್ಯಾಮೆರಾ ಸ್ಟ್ಯಾಂಡನ್ನು ಹೆಜ್ಜೆ ಹೆಜ್ಜೆಯಾಗಿ ಸರಿಸುತ್ತ ಈ ತುದಿಯಿಂದ ಆ ತುದಿಯವರೆಗೆ ತೆಗೆದುಕೊಂಡು ಬಂದ. ಕಿಂಗ್ಸ್‌ಬರಿಯಲ್ಲಿ ನಮ್ಮ ಕನ್ನಡದವರು ಯುಗಾದಿ ಮಾಡುವ ಹಾಲ್ ಇದೆಯಲ್ಲ, ಅದೇ ಸಾಕು, ಅದಕ್ಕೆ ಸರಿಯಾದ ಉದ್ದ ಇದೆ ಎಂದು ಅಳೆದೂ ಬಂದಿದ್ದ. ಫೆಬ್ರವರಿಯ ಒಂದು ಬೆಳಿಗ್ಗೆ ಟ್ಯೂಬ್ ಸ್ಟೇಷನ್ನಿನ ಮೆಟ್ಟಿಲಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಈಗ ಜೂನ್. ಹಾಲ್ ಭಾನುವಾರಕ್ಕೆ ಸಿಕ್ಕಿತ್ತು. ಇವತ್ತು ಗುರುವಾರ.

"ಇದೇನು ದೊಡ್ಡ ವಿಷಯ ಅಲ್ಲ ಅತ್ತಿಗೆ," ಅಚಿಂತ್ಯ ಸ್ವರ ತಗ್ಗಿಸಿ ಹೇಳಿದ. "ಅಕ್ಕಪಕ್ಕದ ಕಲ್ಲು ತಗೊಂಡು ನಾನೇ ತುಂಬಿಸ್ತೀನಿ. ಒಂದು ಗಂಟೆ ಕೆಲಸ. ದೇವರಾಣೆಗೂ ಯಾರಿಗೂ ಗೊತ್ತಾಗಲ್ಲ."

"ಸುಳ್ಳು ಕಲ್ಲು?"

ಅವನು ಲ್ಯಾಪ್‌ಟಾಪಿನ ಮೇಲಿಂದ ಕೈ ತೆಗೆದ.

ಸುವರ್ಣಾಳಿಗೆ ಆ ಬಿಳಿಯ ಮೇಲಿಂದ ಕಣ್ಣು ತೆಗೆಯಲಾಗಲಿಲ್ಲ. ನಾಲ್ಕು ತಿಂಗಳಿನಿಂದ ಅವಳಿಗೆ ಯಾವುದೂ ತಾಗುತ್ತಿರಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಗ್ಲೌಸ್ ಹಾಕಿಕೊಂಡು ಕೆಲಸ ಮಾಡುವವಳು, ಮನೆಗೆ ಬಂದ ಮೇಲೂ ಅದನ್ನು ತೆಗೆದಿಲ್ಲವೇನೋ ಎಂಬಂತೆ ಇದ್ದಳು. ಈಗ ಮಾತ್ರ ಒಂದು ಯೋಚನೆ ಒಳಗೆ ಹೊಕ್ಕಿತು. ಅಷ್ಟು ಜಾಗರೂಕತೆಯಿಂದ ಹೆಜ್ಜೆ ಸರಿಸಿದವನು ಇದೊಂದು ಹೆಜ್ಜೆಯನ್ನು ಯಾಕೆ ಬಿಟ್ಟ? ಅಲ್ಲಿಯೇ ಅವನಿಗೆ ಎದೆ ಹಿಡಿದಿತ್ತೇ? ಕೂತುಬಿಟ್ಟನೇ? ಕೂತು, ಎದ್ದು, ಮನೆಗೆ ಬಂದು ತನಗೆ ಹೇಳದೆ ನಾಲ್ಕು ತಿಂಗಳು ಬದುಕಿದನೇ?

ಆ ಯೋಚನೆಯ ಜತೆಗೆ ಇನ್ನೊಂದು. ಗೋಡೆ ಇಡಿಯಾಗಿಲ್ಲದಿದ್ದರೆ ತೋರಿಸುವಂತಿಲ್ಲ. ಅವನು ಕೊಟ್ಟ ಮಾತು ಅವನಿಲ್ಲವೆಂದು ಸಡಿಲವಾಗುವುದಿಲ್ಲ.

ಅವಳು ಸಂಜೆಯೇ ಆಂಟಿ ನೋಹೆಯಾಗೆ ವಿಡಿಯೋ ಕಾಲ್ ಮಾಡಿದಳು. ಅಲ್ಲಿ ಬೆಳಗಾಗಿತ್ತು. ಹಿರಿಯ ಹೆಂಗಸು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು, ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು. ಸುವರ್ಣಾ ಫೋನನ್ನು ಲ್ಯಾಪ್‌ಟಾಪಿನತ್ತ ತಿರುಗಿಸಿ ಆ ಬಿಳಿಯನ್ನು ತೋರಿಸಿದಳು.

"ಸಮುದ್ರದ ಕಡೆಯ ಮೂಲೆ ದಾಟಿದ ಮೇಲೆ, ಅಲ್ಲವೇ?" ಅವರು ಕೇಳಿದರು. "ಅವನು ನಿನಗೆ ಹೇಳಲಿಲ್ಲವೇ?"

"ಇಲ್ಲ."

"ಸರಿ. ಅದು ಹೇಳಿಕೊಂಡು ತಿರುಗುವಂಥದ್ದಲ್ಲ. ಅಲ್ಲಿ ಏನಿದೆ ಎಂದು ನಾನೂ ಹೇಳುವುದಿಲ್ಲ. ಆ ಜಾಗಕ್ಕೆ ಬಂದಾಗ ನಾವು ಗೋಡೆಗೆ ಬೆನ್ನು ಮಾಡಿ ನಿಲ್ಲುತ್ತೇವೆ. ನನ್ನ ಅಜ್ಜಿ ನಿಲ್ಲುತ್ತಿದ್ದಳು, ನಾನು ನಿಲ್ಲುತ್ತೇನೆ. ಬೇರೆಯವರ ರೂಢಿ ನನಗೆ ಗೊತ್ತಿಲ್ಲ, ಇದು ನಮ್ಮ ಮನೆಯದು. ನಿನ್ನ ಗಂಡ ಬಹಳ ತೊಂದರೆಪಟ್ಟ. ನಮ್ಮ ಕಡೆ ದೇವರಿಗೆ ಬೆನ್ನು ತೋರಿಸುವುದು ತಪ್ಪು, ಗುಡಿಯಿಂದ ಹೊರಗೆ ಬರುವಾಗಲೂ ಹಿಮ್ಮುಖವಾಗಿ ಬರುತ್ತೇವೆ ಅಂದ. ನಾನು ಅಂದೆ, ನೀವು ನೋಡುವುದಕ್ಕೆ ಹೋಗುತ್ತೀರಿ. ಈ ಒಂದು ಕಡೆ ನಾವು ನೋಡುವುದಿಲ್ಲ. ಅದು ನಮ್ಮನ್ನು ನೋಡಿಕೊಳ್ಳಲಿ ಎಂದು ನಿಲ್ಲುತ್ತೇವೆ. ಕ್ಯಾಮೆರಾ ಏನು ಮಾಡಲಿ ಅಂದ. ಅದಕ್ಕೂ ಕಣ್ಣಿದೆಯಲ್ಲ, ಅದನ್ನೂ ತಿರುಗಿಸು ಅಂದೆ."

"ತಿರುಗಿಸಿದನೇ?"

"ತಿರುಗಿಸಿ ಅವನೂ ತಿರುಗಿ ನಿಂತ. ಎಷ್ಟು ಹೊತ್ತು ನಿಂತನೆಂದರೆ ನನ್ನ ಕಾಫಿ ಆರಿಹೋಯಿತು."

ಸುವರ್ಣಾ ಫೋನನ್ನು ತನ್ನತ್ತ ತಿರುಗಿಸಿಕೊಂಡಳು. "ಅವನಿಗೆ ಆಗ ಮೈ ಸರಿಯಿತ್ತೇ, ಆಂಟಿ?"

ಅವರು ಫೋನಿನ ಹತ್ತಿರ ಬಾಗಿ ಅವಳ ಮುಖವನ್ನು ನೋಡಿದರು. "ಸರಿಯಿತ್ತು ಮಗಳೇ. ಅದೇ ಮಧ್ಯಾಹ್ನ ನನ್ನ ಹಲಸಿನ ಮರ ಹತ್ತಿದ. ಬೇಡವೆಂದರೂ ಹತ್ತಿದ." ಮತ್ತೆ ನೆಟ್ಟಗೆ ಕೂತು ಹೇಳಿದರು, "ಆ ಜಾಗ ಖಾಲಿ ಇದ್ದರೇ ಗೋಡೆ ಇಡಿಯಾದದ್ದು. ಅಲ್ಲಿ ಏನನ್ನೂ ಇಡಬೇಡ. ಖಾಲಿ ಬಿಡಲಾಗದಿದ್ದರೆ ಎಲ್ಲವನ್ನೂ ಕೆಳಗಿಳಿಸಿಬಿಡು."

ಅಡುಗೆಮನೆಯಲ್ಲಿ ಅತ್ತೆ ಚಂದ್ರವ್ವ ರೊಟ್ಟಿ ಸುಡುತ್ತಿದ್ದಳು, ಹೊಗೆಯ ಅಲಾರಂ ಕಿರುಚತೊಡಗಿತು. ಸುವರ್ಣಾ ಓಡಿ ಟವೆಲ್ ಬೀಸಿ ಅದನ್ನು ಸುಮ್ಮನಾಗಿಸಿದಳು. ಮಗ ಹೋದ ಮೇಲೆ ವಿಜಯಪುರದಿಂದ ಬಂದ ಚಂದ್ರವ್ವ ಇನ್ನೂ ಇಲ್ಲಿಯೇ ಇದ್ದಳು. ಸೊಸೆಯನ್ನು ಒಬ್ಬಳನ್ನೇ ಬಿಟ್ಟು ಹೋಗಲು ಮನಸ್ಸಿಲ್ಲ, ಇದ್ದು ಮಾಡುವುದೇನೆಂದೂ ತಿಳಿಯದು. ಫೋನಿನಲ್ಲಿ ಕೇಳಿದ್ದನ್ನು ಅವಳಿಗೆ ಹೇಳಬೇಕೆಂದು ಸುವರ್ಣಾ ಬಾಯಿ ತೆರೆದಳು. ಎಲ್ಲಿಂದ ಶುರುಮಾಡುವುದೆಂದು ತೋಚಲಿಲ್ಲ. "ರೊಟ್ಟಿ ಸಾಕ್ರೀ ಅತ್ತಿ" ಎಂದಷ್ಟೇ ಅಂದಳು.

ಫೋಟೋಗಳನ್ನು ಬಟ್ಟೆಯ ಮೇಲೆ ಹಾಕಿಕೊಟ್ಟದ್ದು ವೆಂಬ್ಲಿಯ ಒಂದು ಮದುವೆ ಬ್ಯಾನರಿನ ಅಂಗಡಿ. ಅಷ್ಟುದ್ದದ ಪಟ್ಟಿಗಳಲ್ಲಿ ಎಲ್ಲಿಯೂ ಅಕ್ಷರವಿಲ್ಲದ್ದನ್ನು ನೋಡಿ ಅಂಗಡಿಯಾತ, ವಧೂವರರ ಹೆಸರು ಮರೆತಿರಾ ಎಂದು ಎರಡು ಸಲ ಕೇಳಿದ. ಶನಿವಾರ ಸುವರ್ಣಾ, ಅಚಿಂತ್ಯ ಇಬ್ಬರೂ ಹಾಲ್‌ನ ಉದ್ದಗೋಡೆಯ ಕಂಬಿಗೆ ಪಟ್ಟಿಗಳನ್ನು ತೂಗುಹಾಕುತ್ತ ಹೋದರು. ಏಣಿಯ ಮೇಲೆ ಅವನು, ಕೆಳಗೆ ಅವಳು. ಕೆಲಸ ಮಾಡುವಾಗ ಕಣ್ಣಿಗೆ ಬಟ್ಟೆ ಕಂಡಿತೇ ಹೊರತು ಗೋಡೆ ಕಾಣಲಿಲ್ಲ. ವಿನಾಯಕ ಕ್ಯಾಮೆರಾ ಇಟ್ಟ ದೂರವನ್ನು ಅಳೆದು ನೆಲಕ್ಕೆ ಉದ್ದಕ್ಕೂ ಬಿಳಿ ಟೇಪ್ ಅಂಟಿಸಿದ್ದೂ ಆಯಿತು. ಆಮೇಲೆ ಸುವರ್ಣಾ ಆ ಟೇಪಿನ ಮೇಲೆ ನಿಂತು ತಲೆಯೆತ್ತಿದಳು.

ಮೊದಲು ಅವಳಿಗಾದದ್ದು ಒಂದು ಹೆಜ್ಜೆ ಹಿಂದೆ ಸರಿಯಬೇಕೆಂಬ ಆಸೆ.

ಗೋಡೆ ಆಳಿಗಿಂತ ಎತ್ತರವಿತ್ತು. ಹಾಲ್‌ನ ಈ ತುದಿಯಿಂದ ಆ ತುದಿಯವರೆಗೆ ಕರಿಯ ಕಲ್ಲು. ಕಪ್ಪು ಎಂದರೆ ಒಂದೇ ಕಪ್ಪಲ್ಲ. ಕೆಲವು ಸುಟ್ಟ ಇಟ್ಟಿಗೆಯ ಕಡೆಗೆ ವಾಲಿದ ಕಪ್ಪು, ಕೆಲವು ಒದ್ದೆ ಎಮ್ಮೆಯ ಮೈಯಂಥವು, ಕೆಲವಕ್ಕೆ ಬೂದಿ ಬಳಿದಂತೆ ಪಾಚಿ. ಒಂದೂ ಕಲ್ಲಿಗೆ ಉಳಿ ತಾಗಿರಲಿಲ್ಲ. ಹೇಗೆ ಸಿಕ್ಕಿತ್ತೋ ಹಾಗೆಯೇ ಎತ್ತಿಕೊಂಡು, ಅದಕ್ಕೆ ಒಪ್ಪುವ ಇನ್ನೊಂದನ್ನು ಹುಡುಕಿ, ನಡುವಿನ ಸಂದಿಗೆ ಮುಷ್ಟಿಗಾತ್ರದ ಕಲ್ಲು ಸಿಕ್ಕಿಸಿ, ಅದರ ಸಂದಿಗೆ ಹುಣಸೆಬೀಜದಷ್ಟು ಚೂರನ್ನು ಸಿಕ್ಕಿಸಿ ನಿಲ್ಲಿಸಿದ್ದರು. ದೂರದ ಕಣಿವೆಯಿಂದ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸುತ್ತ ತಂದರೆಂದು ಅಲ್ಲಿಯವರು ಹೇಳುತ್ತಾರೆ ಎಂದು ವಿನಾಯಕ ಒಮ್ಮೆ ಹೇಳಿದ್ದ. ಆಗ ಅದೊಂದು ಕತೆಯಾಗಿ ಕೇಳಿಸಿತ್ತು. ಈಗ ಒಂದೊಂದು ಕಲ್ಲಿನ ಗಾತ್ರವೂ ಅವಳಿಗೆ ಕೈಯಿಂದಲೇ ತಿಳಿಯುತ್ತಿತ್ತು. ಇದನ್ನು ಒಬ್ಬಳೇ ಎತ್ತಬಹುದು. ಇದಕ್ಕೆ ಇಬ್ಬರು ಬೇಕು. ಇದನ್ನು ಯಾರು ಎತ್ತಿದರು? ಎಷ್ಟು ಮಳೆ, ಎಷ್ಟು ಭೂಕಂಪ, ಎಷ್ಟು ಜನ ಬಂದು ಹೋದ ಮೇಲೂ ಪಕ್ಕದ ಕಲ್ಲಿನ ಭಾರವೇ ಹಿಡಿದು ನಿಲ್ಲಿಸಿದ ಗೋಡೆ. ಅಚಿಂತ್ಯನ ಏಣಿ ಎಲ್ಲೋ ಕಿರ್ರೆಂದಿತು. ಅವಳಿಗೆ ಆ ಸದ್ದು ತಪ್ಪೆನಿಸಿತು.

ನಡುವೆ, ಬಾಗಿಲಿನಷ್ಟಗಲ, ಕಿಂಗ್ಸ್‌ಬರಿಯ ಹಾಲ್‌ನ ಬೋಳು ಗೋಡೆ. ಅಲ್ಲಿಗೆ ಬಂದು ಕಣ್ಣು ತಾನಾಗಿ ಕೆಳಗಿಳಿಯುತ್ತಿತ್ತು.

ಭಾನುವಾರ ಚಂದ್ರವ್ವ ಬೇಗನೆ ಹೋಗಿದ್ದಳು. ಕಿಂಗ್ಸ್‌ಬರಿಯಲ್ಲೇ ಮನೆ ಮಾಡಿಕೊಂಡು ಮುದುಕಿಯಾದ ಕಲಬುರಗಿಯ ಸುಶೀಲಾಬಾಯಿ ಕಾರಿನಲ್ಲಿ ಬಂದು, ಹಾಲ್‌ನ ಅಡುಗೆಮನೆಯಲ್ಲಿ ಉಪ್ಪಿಟ್ಟು ಮಾಡಬೇಕೆಂದು ಕರೆದುಕೊಂಡು ಹೋಗಿದ್ದರು. ಸುವರ್ಣಾ ಬಸ್ಸಿನಲ್ಲಿ ಬಂದಳು. ಹೊರಗೆ ಅಚಿಂತ್ಯ ಕಾರುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ. ಬಾಗಿಲ ಬಳಿ ಚಪ್ಪಲಿ ಬಿಡಲು ಯಾರೋ ಚಾಪೆ ಹಾಸಿದ್ದರು. ಅವಳೂ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು.

ಬಿಟ್ಟ ಜಾಗದಲ್ಲಿ ವಿನಾಯಕ ಇದ್ದ.

ಚೌಕಟ್ಟು ಹಾಕಿಸಿದ ದೊಡ್ಡ ಫೋಟೋ, ಗಾಜಿನ ಮೇಲೆ ಹಣೆಯ ಜಾಗದಲ್ಲಿ ಮೂರು ಬೆರಳಿನ ವಿಭೂತಿ, ಈಲಿಂಗ್ ರೋಡಿನ ಭಾರತೀಯ ಅಂಗಡಿಯ ಸೇವಂತಿಗೆ ಮಾಲೆ. ಕೆಳಗೆ ಸ್ಟೂಲಿನ ಮೇಲೆ ಬ್ಯಾಟರಿ ದೀಪ ಮಿಣುಕುತ್ತಿತ್ತು.

"ಬಾರವ್ವ ಬಾ," ಸುಶೀಲಾಬಾಯಿ ಸೆರಗಿಗೆ ಕೈ ಒರೆಸುತ್ತ ಬಂದರು. "ಅಷ್ಟು ಛಂದ ಹಚ್ಚೀರಿ, ನಟ್ಟನಡುವ ಬೋಳು ಬಿಟ್ಟೀರಲ್ಲ! ಹಲ್ಲು ಬಿದ್ದ ಬಾಯಿ ಕಂಡಂಗ ಕಾಣಾಕತ್ತಿತ್ತು. ಚಂದ್ರವ್ವಕ್ಕ ಅಂದಳು, ನನ್ನ ಮಗಂದ ಜಾಗ ಬಿಟ್ಟಾರ ಅಂತ. ಮತ್ತ ಮನೀಗೆ ಹೋಗಿ ತಗೊಂಡು ಬಂದ್ವಿ, ನೀ ಆಗಲೇ ಬಸ್ಸಿಗೆ ಹೊಂಟಿದ್ದಿ. ನಿಜವಾದ ದೀಪ ಹಚ್ಚಿದ್ರ ಈ ಹಾಲ್‌ದಾವರ ಅಲಾರಂ ಹೊಯ್ಕೋತದ ಅಂತ ಇದನ್ನ ಇಟ್ಟೀವಿ. ನಾಕು ಪೌಂಡು, ನೋಡು."

ಜನ ಬರತೊಡಗಿದ್ದರು. ಬಂದವರು ಟೇಪಿನ ಗೆರೆಯ ಕಡೆಗೆ ಹೋಗದೆ ನೇರವಾಗಿ ಫೋಟೋದ ಮುಂದೆ ಹೋಗಿ ಕೈಮುಗಿಯುತ್ತಿದ್ದರು. ಕಲ್ಲಿನ ಕಡೆ ಯಾರೂ ನೋಡುತ್ತಿರಲಿಲ್ಲ.

"ಅತ್ತಿ," ಸುವರ್ಣಾ ಚಂದ್ರವ್ವನ ಹತ್ತಿರ ಹೋದಳು. "ಇದನ್ನ ತೆಗೀಬೇಕ್ರೀ."

"ಏನನ್ನ?"

"ಫೋಟೋ."

ಚಂದ್ರವ್ವ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. "ಯಾರ ಫೋಟೋ ಅದ? ಯಾರರ ಹೊರಗಿನವರದೇನು? ಮನ್ಯಾಗ ಹಚ್ಚೂಣು ಅಂದ್ರ ಬ್ಯಾಡ ಅಂದಿ. ಕಪಾಟದಾಗ ಬೋರಲ ಹಾಕಿ ಇಟ್ಟಿ. ನಾ ತುಟಿ ಪಿಟಕ್ ಅಂದೇನೇನು? ಇಲ್ಲಿ ಅವಂದ ಕೆಲಸ, ಅವಂದ ದಿನ. ಇಲ್ಲೂ ನನ್ನ ಮಗಗ ಒಂದು ಗೇಣು ಜಾಗ ಇಲ್ಲೇನ?"

ಸುಶೀಲಾಬಾಯಿ ಉಪ್ಪಿಟ್ಟಿನ ನೆಪ ಹೇಳಿ ಒಳಗೆ ಸರಿದರು.

ಇಷ್ಟು ದಿನವೂ ಇಂಥ ಹೊತ್ತಿನಲ್ಲಿ ಸುವರ್ಣಾ ಸುಮ್ಮನಾಗಿಬಿಡುತ್ತಿದ್ದಳು. ಇವತ್ತು ಸುಮ್ಮನಾದರೆ ಬಟ್ಟೆಯನ್ನೆಲ್ಲ ಸುತ್ತಿ ಮನೆಗೆ ಒಯ್ಯಬೇಕು. ಅವಳು ಅತ್ತೆಯ ಮುಂಗೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಬಂದಳು.

"ಅದು ಮರ್ತು ಬಿಟ್ಟಿದ್ದಲ್ರೀ ಅತ್ತಿ. ಬೇಕಂತ ಅವನ ಬಿಟ್ಟಿದ್ದು. ಆ ಜಾಗಾಕ್ಕ ಬಂದಾಗ ಅಲ್ಲಿ ಮಂದಿ ಯಾರೂ ನೋಡೂದಿಲ್ಲಂತ. ಗ್ವಾಡಿಗೆ ಬೆನ್ನ ಮಾಡಿ ನಿಂದರ್ತಾರಂತ."

"ಹುಚ್ಚಿ ಏನ ನೀನು? ದೇವರಿಗೆ ಯಾರರ ಬೆನ್ನ ಮಾಡ್ತಾರ?"

"ಅವನೂ ಹಂಗ ಅಂದನಂತ. ನಮ್ಮ ಕಡೆ ಹಿಂಗ ಮಾಡಂಗಿಲ್ಲ ಅಂತ ಅಲ್ಲೇ ನಿಂತು ತಕರಾರ ತೆಗದಾನ."

ಚಂದ್ರವ್ವನ ಮುಖದಲ್ಲಿ ಏನೋ ಅಲುಗಿತು. "ತೆಗದಾನು. ಎಲ್ಲಾನೂ ತಿರುವಿ ತಿರುವಿ ಕೇಳಾಂವ ಅವ."

"ಆ ಆಂಟಿ ಅಂದ್ರಂತ, ನಾವು ನೋಡೂದು ಬ್ಯಾಡ, ಅದು ನಮ್ಮನ್ನ ನೋಡ್ಲಿ ಅಂತ. ಆಮ್ಯಾಲ ಅವ ಕ್ಯಾಮೆರಾನೂ ತಿರುವಿ, ತಾನೂ ತಿರುಗಿ ನಿಂತ. ಭಾಳ ಹೊತ್ತು ನಿಂತನಂತ. ನನಗೂ ಹೇಳಿದ್ದಿಲ್ಲ ಅತ್ತಿ. ಮೊನ್ನೆ ಗೊತ್ತಾತು. ನಿಮಗ ಹೇಳಬೇಕಿತ್ತು, ನನಗ ಬಾಯಿ ಬರಲಿಲ್ಲ." ಅವಳು ಉಸಿರು ತೆಗೆದುಕೊಂಡಳು. "ಅಲ್ಲಿ ಏನೂ ಇಡಬಾರದು. ಇಟ್ರ ಎಲ್ಲಾ ಇಳಸಬೇಕು. ಅವ ಮಾತ ಕೊಟ್ಟಾನ."

ಚಂದ್ರವ್ವ ಫೋಟೋದ ಕಡೆ ನೋಡಿದಳು. ಆಮೇಲೆ ಮೊದಲ ಸಲ, ಫೋಟೋದ ಎರಡೂ ಬದಿಗೆ ಹಬ್ಬಿದ ಕಲ್ಲನ್ನು ನೋಡಿದಳು. ಎಡದ ತುದಿಯವರೆಗೆ ಹೋಗಿ ಅವಳ ಕಣ್ಣು ಮೆಲ್ಲಗೆ ಬಲದ ತುದಿಯವರೆಗೆ ಬಂತು.

"ಹಂಗಾದ್ರ ಅವ ಎಲ್ಲಿ ಅದಾನ?" ಕೇಳಿದಳು. ಸ್ವರ ಸಣ್ಣದಾಗಿತ್ತು. "ಇಷ್ಟೆಲ್ಲಾ ತೆಗದಾನ, ಇದರಾಗ ಅವ ಎಲ್ಲಿ?"

"ಇಲ್ಲಿ." ಸುವರ್ಣಾ ನೆಲದ ಬಿಳಿ ಟೇಪನ್ನು ತೋರಿಸಿದಳು. "ಈ ಗೆರಿ ಮ್ಯಾಲ. ಆ ತುದಿಯಿಂದ ಈ ತುದಿತನಕ ಹೆಜ್ಜಿ ಹೆಜ್ಜಿಗೂ ನಿಂತಾನ. ನೀವೀಗ ಎಷ್ಟ ದೂರ ನಿಂತೀರೋ ಅಷ್ಟ ದೂರ."

ಚಂದ್ರವ್ವ ಸೀರೆಯ ನಿರಿಗೆ ಸ್ವಲ್ಪ ಎತ್ತಿ ಹಿಡಿದು ಬರಿಗಾಲನ್ನು ಟೇಪಿನ ಮೇಲೆ ಇಟ್ಟಳು. ಹೊಳೆಗೆ ಇಳಿಯುವವರು ನೀರಿನ ತಂಪು ನೋಡುವ ಹಾಗೆ. ಇನ್ನೊಂದು ಕಾಲನ್ನೂ ಇಟ್ಟಳು. ತಲೆಯೆತ್ತಿದಳು.

ಅವಳು ಎಷ್ಟು ಹೊತ್ತು ನೋಡಿದಳೋ. ಕಾಲಬಳಿಯ ದೊಡ್ಡ ಕಲ್ಲುಗಳಿಂದ ಹತ್ತಿ ಮೇಲಿನ ಅಂಚಿಗೆ, ಅಲ್ಲಿಂದ ಒಂದಿಷ್ಟು ಕಾಣುವ ಆ ಊರಿನ ಬೆಳಗಿನ ಆಕಾಶಕ್ಕೆ. ಒಮ್ಮೆ ಕೈ ಮುಂದೆ ಚಾಚಿದಳು, ಗೆರೆ ದಾಟಬಾರದೆಂದು ನೆನಪಾಗಿ ಹಿಂದಕ್ಕೆ ತೆಗೆದುಕೊಂಡಳು.

"ಯವ್ವಾ," ಎಂದಳು. "ಇದರ ಮುಂದ ನಿಂತಿದ್ದನ?"

"ಹೂಂ."

"ಒಬ್ಬನ?"

"ಒಬ್ಬನ."

ಬಂದವರಲ್ಲಿ ಕೆಲವರು ಮುದುಕಿ ನಿಂತದ್ದನ್ನು ನೋಡಿ ತಾವೂ ಗೆರೆಯ ಮೇಲೆ ಬಂದು ನಿಂತರು. ಮಾತುಗಳು ಒಂದೊಂದಾಗಿ ನಿಂತವು. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ಬಿಟ್ಟರೆ ಹಾಲ್‌ನಲ್ಲಿ ಬೇರೆ ಸದ್ದಿರಲಿಲ್ಲ.

"ನೀ ತೆಗೀ," ಚಂದ್ರವ್ವ ಗೋಡೆಯ ಕಡೆ ನೋಡುತ್ತಲೇ ಹೇಳಿದಳು. "ನಾ ಹಚ್ಚೀನಿ. ನನ್ನ ಕೈಲೆ ತಗ್ಯಾಕ ಆಗಂಗಿಲ್ಲ."

ಸುವರ್ಣಾ ಹೋಗಿ ದೀಪ ಆರಿಸಿ ಸ್ಟೂಲನ್ನು ಪಕ್ಕಕ್ಕಿಟ್ಟಳು. ಚೌಕಟ್ಟಿಗೆ ಕೈ ಹಚ್ಚಿದಳು. ಕಪಾಟಿನಿಂದ ಅದನ್ನು ಅವಳು ಒಮ್ಮೆಯೂ ತೆಗೆದಿರಲಿಲ್ಲ. ಅದು ಅವಳೆಣಿಸಿದ್ದಕ್ಕಿಂತ ಭಾರವಿತ್ತು. ಮೊಳೆಯಿಂದ ಬಿಡಿಸುವಾಗ ಮಾಲೆ ಜಾರಿ ಮುಂಗೈಗೆ ಬಿತ್ತು, ಹೂವಿನ ನೀರು ತಣ್ಣಗೆ ತೋಳಿನುದ್ದಕ್ಕೂ ಇಳಿಯಿತು. ಅದು ಅವಳಿಗೆ ತಾಗಿತು.

ಅವಳು ಫೋಟೋವನ್ನು ಎದೆಗೆ ಆನಿಸಿಕೊಂಡು, ಬಿಟ್ಟ ಜಾಗದ ನೇರಕ್ಕೆ ಗೆರೆಯ ಮೇಲೆ ಬಂದು ನಿಂತಳು. ಆಮೇಲೆ ತಿರುಗಿದಳು. ಕಣ್ಣಿಗೆ ಬಿದ್ದದ್ದು ಹಾಲ್‌ನ ಎದುರು ಬದಿ: ಪೇರಿಸಿದ ಕುರ್ಚಿಗಳು, ಬೆಂಕಿ ನಂದಿಸುವ ಕೆಂಪು ಸಿಲಿಂಡರು, ಕಿಟಕಿ, ಕಿಟಕಿಯಾಚೆ ಕಾರು ನಿಲ್ಲಿಸಲು ಕೈಬೀಸುತ್ತಿರುವ ಅಚಿಂತ್ಯ.

ಪಕ್ಕದಲ್ಲಿ ಸೀರೆ ಸರಸರ ಎಂದಿತು. ಚಂದ್ರವ್ವನೂ ಅಲ್ಲಿಗೆ ಬಂದು, ಎರಡೂ ಕೈ ಕೆನ್ನೆಗೆ ಬಡಿದುಕೊಂಡು ತಪ್ಪಾಯಿತೆಂದು ಯಾರಿಗೋ ಹೇಳಿ, ತಿರುಗಿ ನಿಂತಳು.

"ಈ ಕಡೆ ಏನಿತ್ತ?" ಮೆಲ್ಲಗೆ ಕೇಳಿದಳು. "ಅವ ತಿರುಗಿದಾಗ ಏನ ಕಂಡಿರಬೇಕು?"

"ಸಮುದ್ರ ಇರಬೇಕ್ರೀ. ನಾ ಹೋಗಿದ್ದಿಲ್ಲ."

ಉಪ್ಪಿಟ್ಟಿನ ಸೌಟು ಹಿಡಿದೇ ಹೊರಗೆ ಬಂದ ಸುಶೀಲಾಬಾಯಿ ಅತ್ತೆ ಸೊಸೆಯರು ನಿಂತ ರೀತಿಯನ್ನು ನೋಡಿದರು. ಸೌಟನ್ನು ಸ್ಟೂಲಿನ ಮೇಲಿಟ್ಟು, ಬಂದು ಚಂದ್ರವ್ವನ ಪಕ್ಕ ಬೆನ್ನು ಮಾಡಿ ನಿಂತರು. ಗೆರೆಯ ಮೇಲೆ ನಡೆದು ಬರುತ್ತಿದ್ದವರು ಆ ಜಾಗಕ್ಕೆ ಬಂದಾಗ ಒಬ್ಬೊಬ್ಬರಾಗಿ ತಿರುಗುತ್ತಿದ್ದರು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಹಿಂದೆ ಇದ್ದದ್ದು ಸುಣ್ಣ ಬಳಿದ ಬೋಳು ಗೋಡೆ ಎಂದು ಸುವರ್ಣಾಳಿಗೆ ಗೊತ್ತಿತ್ತು. ನಿನ್ನೆ ಅವಳೇ ಅದರ ಧೂಳು ಒರೆಸಿದ್ದಳು. ಆದರೂ ಅವಳ ಕತ್ತಿನ ಕೂದಲು ನಿಧಾನವಾಗಿ ನಿಮಿರಿತು. ಬೆನ್ನಿನ ಉದ್ದಕ್ಕೂ, ಬಿಸಿಲಿಗೆ ಕಾದು ರಾತ್ರಿಯ ಹೊತ್ತಿಗೂ ಆರದೆ ಉಳಿದ ಕಲ್ಲಿನಂಥ ಒಂದು ಶಾಖ ಬಂದು ನಿಂತಿತು. ಅವಳು ಫೋಟೋವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು, ತಿರುಗಿ ನೋಡಲಿಲ್ಲ.